ಕಾನೂನು ವಿದ್ಯಾರ್ಥಿಯ ಹುಡುಕಾಟ: ತೀರ್ಪು ಸಿಕ್ಕರೆ ಸಾಲದು

ರಾಜಧಾನಿ ವಲಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಓದೆಂದರೆ ಇಂಜಿನಿಯರಿಂಗ್ ಇಲ್ಲವೇ ವೈದ್ಯಕೀಯ ಎಂಬ ಕಾಲವೊಂದಿತ್ತು. ಈಗ ನಮ್ಮ ಪರಿಚಯದ ಮನೆಗಳಲ್ಲೇ ಕಾನೂನು ಓದುವ ಮಕ್ಕಳಿದ್ದಾರೆ. ಕೆಲವರು ಗುರುಗ್ರಾಮ, ಮಾನೇಸರ, ಸೊಹ್ನಾ ಕಡೆಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ; ಕೆಲವರು ಹಳದಿ ಮಾರ್ಗದ ಮೆಟ್ರೊ ಹಿಡಿದು ದೆಹಲಿ ವಿಶ್ವವಿದ್ಯಾಲಯದವರೆಗೆ ಹೋಗಿಬರುತ್ತಾರೆ. "ಇಡೀ ದಿನ ಲ್ಯಾಪ್‌ಟಾಪ್ ಮುಂದೆಯೇ ಕುಳಿತಿರುತ್ತಾರೆ, ಕೈಯಲ್ಲಿ ಪುಸ್ತಕವೇ ಕಾಣುವುದಿಲ್ಲ" ಎಂಬುದು ತಂದೆತಾಯಿಗಳ ಸಾಮಾನ್ಯ ದೂರು. ಆ ಪರದೆಯ ಮುಂದೆ ನಡೆಯುವ ಕೆಲಸವೇನೆಂಬುದನ್ನು ನಾವು ಅರಿತದ್ದು ಒಂದು ಚೆಕ್ಕಿನ ದೆಸೆಯಿಂದ.

ಪ್ಯಾಕಿಂಗ್ ಸಾಮಗ್ರಿಯ ಸಣ್ಣ ವ್ಯಾಪಾರ ನಡೆಸುವ ನಮ್ಮ ಸ್ನೇಹಿತರೊಬ್ಬರಿಗೆ ಕಳೆದ ವರ್ಷ ಗಿರಾಕಿಯೊಬ್ಬರು ಕೊಟ್ಟ ಎರಡು ಲಕ್ಷ ರೂಪಾಯಿಯ ಚೆಕ್ಕು ಹಣವಿಲ್ಲದೆ ಹಿಂತಿರುಗಿತು. ಗಿರಾಕಿಯ ಖಾತೆ ಚೆನ್ನೈ ಶಾಖೆಯಲ್ಲಿತ್ತು. ಸ್ನೇಹಿತರು ಚೆಕ್ಕನ್ನು ಹಾಕಿದ್ದು ಗುರುಗ್ರಾಮದ ತಮ್ಮ ಖಾತೆಗೆ. ಚೆನ್ನೈಗೇ ಹೋಗಿ ದಾವೆ ಹೂಡಬೇಕೆಂದು ಯಾರೋ ಹೇಳಿದ್ದನ್ನು ನಂಬಿ, "ಓಡಾಟದ ಖರ್ಚೇ ಹೆಚ್ಚಾಗುತ್ತದೆ, ಹೋಗಲಿ ಬಿಡಿ" ಎಂದು ಅವರು ಕೈಚೆಲ್ಲಿದ್ದರು. ಮೂರನೆಯ ವರ್ಷದ ಕಾನೂನು ಓದುತ್ತಿರುವ ಅವರ ಮಗಳು ಮಾತ್ರ ಬಿಡಲಿಲ್ಲ. ಬ್ಯಾಂಕಿನಲ್ಲಿ ಮೂರು ದಶಕ ಕಳೆದವರೆಂದು ನಮ್ಮನ್ನೂ ಕರೆಸಿಕೊಂಡಳು.

ಮೊದಲು ಅವಳು ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಹುಡುಕಿದಳು. 2008ರಲ್ಲಿ ಆರಂಭವಾದ ಈ ತಾಣ ಉಚಿತವಾದ್ದರಿಂದ ವಿದ್ಯಾರ್ಥಿಗಳು ಮೊದಲು ತೆರೆಯುವುದು ಇದನ್ನೇ. ಅಲ್ಲಿ 1999ರ ಕೆ. ಭಾಸ್ಕರನ್ ಪ್ರಕರಣದ ತೀರ್ಪು ಸಿಕ್ಕಿತು. ಚೆಕ್ಕು ಬರೆದುಕೊಟ್ಟ ಸ್ಥಳ, ಹಾಜರುಪಡಿಸಿದ ಸ್ಥಳ, ಅದು ಹಿಂತಿರುಗಿದ ಸ್ಥಳ, ನೋಟಿಸು ಕೊಟ್ಟ ಸ್ಥಳ, ಹಣ ಸಂದಾಯವಾಗದ ಸ್ಥಳ, ಈ ಐದರಲ್ಲಿ ಎಲ್ಲಿಯಾದರೂ ದೂರು ಸಲ್ಲಿಸಬಹುದು ಎಂದಿತ್ತು. ತಂದೆಗೆ ಸಂತೋಷವಾಯಿತು. ಆದರೆ ಮಗಳು ಅಷ್ಟಕ್ಕೇ ನಿಲ್ಲದೆ ಆ ತೀರ್ಪನ್ನು ನಂತರ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿಯನ್ನು ತೆರೆದಳು. 2014ರ ಆಗಸ್ಟ್ 1ರಂದು ದಶರಥ್ ರೂಪ್‌ಸಿಂಗ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಪೀಠದ ಆ ಹಳೆಯ ನಿಲುವನ್ನು ತಳ್ಳಿಹಾಕಿತ್ತು. ಚೆಕ್ಕನ್ನು ಅಮಾನ್ಯಗೊಳಿಸಿದ ಬ್ಯಾಂಕು ಎಲ್ಲಿದೆಯೋ ಅಲ್ಲಿಯೇ ದೂರು ಸಲ್ಲಬೇಕು, ಅಂದರೆ ಚೆನ್ನೈ. ಸ್ನೇಹಿತರ ಮುಖ ಮತ್ತೆ ಬಾಡಿತು.

"ಇರಿ ಅಪ್ಪ, ಇದು ಕೋರ್ಟು ಹೇಳಿದ್ದು. ಆಮೇಲೆ ಪಾರ್ಲಿಮೆಂಟು ಏನು ಮಾಡಿದೆ ಅಂತ ನೋಡಬೇಕಲ್ಲ" ಎಂದಳು ಹುಡುಗಿ. ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ವರ್ಗಾವಣೀಯ ಲಿಖಿತಗಳ ಕಾಯಿದೆಯ ಇಂದಿನ ಪಾಠವನ್ನು ತೆರೆದಾಗ 2015ರ ತಿದ್ದುಪಡಿಯಿಂದ ಸೇರಿದ 142(2)ನೆಯ ಕಲಂ ಕಂಡಿತು. ಚೆಕ್ಕನ್ನು ಖಾತೆಯ ಮೂಲಕ ವಸೂಲಿಗೆ ಹಾಕಿದ್ದರೆ, ಹಣ ಪಡೆಯಬೇಕಾದವರ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ವಿಚಾರಣೆ ನಡೆಸಬೇಕು. ಅಂದರೆ ಗುರುಗ್ರಾಮ. ಬ್ಯಾಂಕಿನವರಾದ ನಮಗೇ ಈ ತಿದ್ದುಪಡಿಯ ನೆನಪು ಮಸುಕಾಗಿತ್ತೆಂದು ಒಪ್ಪಿಕೊಳ್ಳಬೇಕು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. 2014ರ ತೀರ್ಪು ಇಂದಿಗೂ ಜಾಲತಾಣಗಳಲ್ಲಿ ಯಥಾವತ್ತಾಗಿಯೇ ಇದೆ. ಮುಂದಿನ ವರ್ಷ ಶಾಸನವೇ ಬದಲಾಯಿತೆಂಬ ಸಂಗತಿ ಆ ತೀರ್ಪಿನ ಪಾಠದೊಳಗೆ ಇರಲು ಸಾಧ್ಯವಿಲ್ಲ. ಆದ್ದರಿಂದ ತೀರ್ಪು ಸಿಕ್ಕ ಮೇಲೆ ವಿದ್ಯಾರ್ಥಿಯ ನಿಜವಾದ ಕೆಲಸ ಆರಂಭವಾಗುತ್ತದೆ: ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳಿದ್ದರು, ನಂತರದ ದೊಡ್ಡ ಪೀಠ ಅದನ್ನು ರದ್ದುಪಡಿಸಿದೆಯೇ, ಕಾಯಿದೆಯೇ ತಿದ್ದುಪಡಿಯಾಗಿದೆಯೇ ಎಂದು ನೋಡಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಈ ಶ್ರಮ ಇಮ್ಮಡಿಯಾಗಿದೆ. ನಮ್ಮ ನಾಲಿಗೆಯ ಮೇಲಿರುವ 420 ಈಗ ಹೊಸ ಸಂಹಿತೆಯ 318(4). ಆದರೂ ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಬಲ್ಲವರಾಗಬೇಕು.

ಮೂಲವನ್ನೇ ಓದಬೇಕೆಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೊಂದಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳ ಸರ್ಕಾರದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7:6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂದು ಹೇಳಿತು. ಬೇರೆ ಬೇರೆಯಾಗಿ ಬರೆದ ಅಭಿಪ್ರಾಯಗಳೇ 11. ಬಹುಮತದ ಅಭಿಪ್ರಾಯವೆಂದು ಹೊರಬಂದ ಸಾರಾಂಶಕ್ಕೆ ಸಹಿ ಹಾಕಿದವರು ಒಂಬತ್ತು ಮಂದಿ ಮಾತ್ರ. ಆ ಸಾರಾಂಶದ ಕಾನೂನು ಬಲವೆಷ್ಟೆಂಬ ಚರ್ಚೆ ಇಂದಿಗೂ ಇದೆ. ವರದಿ ಸಂಪುಟಗಳಲ್ಲಿ ತೀರ್ಪಿನ ತಲೆಯ ಮೇಲೆ ಅಚ್ಚಾಗುವ ಸಾರವಂತೂ ಸಂಪಾದಕರು ಸಿದ್ಧಪಡಿಸಿದ್ದು, ನ್ಯಾಯಮೂರ್ತಿಗಳ ಮಾತಲ್ಲ. ಅವಸರದ ವಿದ್ಯಾರ್ಥಿ ಅದನ್ನೇ ನಕಲಿಸಿ ಸಿಕ್ಕಿಬೀಳುವುದುಂಟು.

ಇದೇ ತೀರ್ಪನ್ನು ಎಐಆರ್ 1973 ಎಸ್‌ಸಿ 1461 ಎಂದೂ (1973) 4 ಎಸ್‌ಸಿಸಿ 225 ಎಂದೂ ಉಲ್ಲೇಖಿಸುತ್ತಾರೆ. ಆಲ್ ಇಂಡಿಯಾ ರಿಪೋರ್ಟರ್ ಮತ್ತು 1969ರಲ್ಲಿ ಹೊರಟ ಸುಪ್ರೀಂ ಕೋರ್ಟ್ ಕೇಸಸ್ ಖಾಸಗಿ ಪ್ರಕಟಣೆಗಳು. ಚಂದಾ ದುಬಾರಿಯಾದ್ದರಿಂದ ವಿದ್ಯಾರ್ಥಿಗಳು ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಮುಂತಾದವುಗಳನ್ನು ಕಾಲೇಜಿನ ಮೂಲಕ ಬಳಸುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟು, ಪ್ರತಿ ತೀರ್ಪಿಗೂ ತನ್ನದೇ ಸಂಖ್ಯೆ ಕೊಡತೊಡಗಿದ್ದು ಬಹಳ ಉಪಕಾರವಾಗಿದೆ. ಅನೇಕ ತೀರ್ಪುಗಳು ಕನ್ನಡದಲ್ಲೂ ಲಭ್ಯವಿವೆ. ಆದರೆ ಅನುವಾದ ಕಕ್ಷಿದಾರರ ತಿಳಿವಳಿಕೆಗಾಗಿ ಮಾತ್ರ, ಪ್ರಮಾಣವಾಗಿ ನಿಲ್ಲುವುದು ಇಂಗ್ಲಿಷ್ ಪಾಠವೇ.

ಈಗಿನ ಮಕ್ಕಳು ಕೃತಕ ಬುದ್ಧಿಮತ್ತೆಯನ್ನು ಕೇಳುವುದೂ ಉಂಟು. ಅದು ಇಲ್ಲದ ತೀರ್ಪನ್ನೂ ಪಕ್ಷಕಾರರ ಹೆಸರು, ವರ್ಷ, ಪುಟಸಂಖ್ಯೆ ಸಹಿತ ಸೃಷ್ಟಿಸಿ ಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ನಮ್ಮ ಬೆಂಗಳೂರಿನಲ್ಲೇ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ 2024ರ ಡಿಸೆಂಬರಿನಲ್ಲಿ ನೀಡಿದ ಆದೇಶವೊಂದನ್ನು, ಅದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳಿದ್ದ ಕಾರಣ, ಹಿಂತೆಗೆದುಕೊಳ್ಳಬೇಕಾಯಿತು. ಸ್ನೇಹಿತರ ಮಗಳನ್ನು ಈ ಬಗ್ಗೆ ಕೇಳಿದಾಗ, "ಅದು ಹೇಳಿದ ಕೇಸನ್ನು ಅಧಿಕೃತ ತಾಣದಲ್ಲಿ ಕಣ್ಣಾರೆ ಕಾಣುವ ತನಕ ನೋಟ್ಸಿಗೆ ಇಳಿಸಲ್ಲ ಅಂಕಲ್" ಎಂದಳು.

ಚೆಕ್ಕಿನ ವಿಷಯಕ್ಕೆ ಬರುವುದಾದರೆ, ಅಲ್ಲಿ ದಿನಗಳ ಲೆಕ್ಕವೂ ಇತ್ತು. ಚೆಕ್ಕು ಹಿಂತಿರುಗಿದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಹೋಗಬೇಕು. ಅದು ತಲುಪಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. 2002ರ ತಿದ್ದುಪಡಿಗೆ ಮುನ್ನ ನೋಟಿಸಿಗೆ 15 ದಿನವಷ್ಟೇ ಇತ್ತಾಗಿ, ಸ್ನೇಹಿತರ ಕಪಾಟಿನಲ್ಲಿದ್ದ ಹಳೆಯ ಕೈಪಿಡಿಯನ್ನು ನಂಬಿದ್ದರೆ ಅವಧಿ ಮುಗಿದೇಹೋಯಿತೆಂದು ಸುಮ್ಮನಾಗುತ್ತಿದ್ದರು. ನಾವು ಕುಳಿತು ಎಣಿಸಿದ ದಿನ ಇಪ್ಪತ್ತೆರಡನೆಯದು. ಮರುದಿನವೇ ಮಗಳು ತನ್ನ ಟಿಪ್ಪಣಿಗಳನ್ನು ವಕೀಲರಿಗೆ ಒಪ್ಪಿಸಿದಳು. ಪ್ರತಿಯೊಂದು ತೀರ್ಪಿನ ಮುಂದೆಯೂ ಪ್ಯಾರಾ ಸಂಖ್ಯೆ, ತಾನದನ್ನು ಪರಿಶೀಲಿಸಿದ ದಿನಾಂಕ ಬರೆದಿದ್ದಳು. ನೋಟಿಸು ತಲುಪಿದ ಹನ್ನೊಂದನೆಯ ದಿನ ಗಿರಾಕಿಯಿಂದ ಅರ್ಧ ಹಣ ಬಂತು. ಉಳಿದರ್ಧಕ್ಕಾಗಿ ಗುರುಗ್ರಾಮದ ನ್ಯಾಯಾಲಯದಲ್ಲಿ ಪ್ರಕರಣ ನಡೆಯುತ್ತಿದೆ.