ಕೊಟ್ಟಿಗೆಯ ಗಂಜಲ, ತೋಟದ ಹಸಿವು

ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಅಡಕೆ ಮರ ನಿಲ್ಲುತ್ತವೆ. ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿ ಸೊಪ್ಪು, 12 ಕಿಲೊ ಕಾಂಪೋಸ್ಟ್, ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕೆಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಶಿಫಾರಸು. ಅಂದರೆ ಎಕರೆಗೆ ಸುಮಾರು ಆರೂವರೆ ಟನ್ ಗೊಬ್ಬರ, ಅಷ್ಟೇ ಸೊಪ್ಪು. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಒಂದೆರಡು ಎಕರೆಯ ಮನೆಗಳು ಇದನ್ನೆಲ್ಲ ಕೊಂಡು ತರಲು ಹೊರಟರೆ ಸಂಸಾರ ತೂಗುವುದಿಲ್ಲ. ಅದಕ್ಕೇ ಮನೆಗೆ ಅಂಟಿಕೊಂಡಂತೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಗೊಬ್ಬರ ಗುಂಡಿ, ಅದರ ಕೆಳಗೆ ತೋಟ.

ಮಲೆನಾಡು ಗಿಡ್ಡ ತಳಿಯ ಹಸು ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಬರೀ ಹಾಲಿನ ಲೆಕ್ಕ ಹಿಡಿದರೆ ಅದನ್ನು ಸಾಕುವುದು ನಷ್ಟವೆಂದೇ ಕಾಣುತ್ತದೆ. ಅದರ ದೊಡ್ಡ ದುಡಿಮೆ ನಡೆಯುವುದು ಕೊಟ್ಟಿಗೆಯ ನೆಲದಲ್ಲಿ. ಮಳೆಗಾಲದಲ್ಲಿ ಹಸಿ ಸೊಪ್ಪು, ಉಳಿದ ಕಾಲದಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ, ದನದ ಕಾಲಡಿಗೆ ದಿನವೂ ಹಾಸುತ್ತಾರೆ. ದನ ಅದರ ಮೇಲೆ ಮಲಗುತ್ತದೆ, ತುಳಿಯುತ್ತದೆ, ಸಗಣಿ ಹಾಕುತ್ತದೆ, ಗಂಜಲ ಹೊಯ್ಯುತ್ತದೆ. ಹಾಸು ದಪ್ಪವಾದಾಗ ಎಳೆದು ಗುಂಡಿಗೆ ಹಾಕಿದರೆ ಕೆಲವು ತಿಂಗಳಲ್ಲಿ ಕಪ್ಪಗೆ ಕಳಿತ ಗೊಬ್ಬರ.

ಈ ಸೊಪ್ಪು ಬರುವುದು ಬೆಟ್ಟದಿಂದ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೂ ಇದೆ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇಂಥವೇ ಸವಲತ್ತುಗಳು. ಕುಡಿ ಉಳಿಸಿ ಅಡ್ಡ ಕೊಂಬೆಯನ್ನಷ್ಟೇ ಕಡಿದು, ಆ ಮರಕ್ಕೆ ಚಿಗುರಲು ಬಿಡುವು ಕೊಟ್ಟ ಮನೆಯವರ ಬೆಟ್ಟ ಇಂದಿಗೂ ಹಸಿರಾಗಿದೆ. ಬೋಳು ಬೆಟ್ಟದ ಕೆಳಗಿನ ತೋಟ ಬೇಸಿಗೆಯಲ್ಲಿ ನೀರಿಗೂ ಒದ್ದಾಡುತ್ತದೆ.

ಹಾಸು ದನ ಬೆಚ್ಚಗಿರಲಿ ಎಂದು ಹಾಕುವುದೆಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಬೇರೆ. ದನ ತಿಂದ ಮೇವಿನಲ್ಲಿರುವ ಪೊಟ್ಯಾಷ್‌ನ ಬಹುಪಾಲು ಹೊರಬರುವುದು ಗಂಜಲದಲ್ಲಿ. ಸಾರಜನಕದ ದೊಡ್ಡ ಪಾಲೂ ಅದರಲ್ಲೇ. ರಂಜಕ ಮಾತ್ರ ಹೆಚ್ಚಾಗಿ ಸಗಣಿಯಲ್ಲಿ ಉಳಿಯುತ್ತದೆ. ಅಡಕೆ ಎಲ್ಲಕ್ಕಿಂತ ಹೆಚ್ಚು ಕೇಳುವುದು ಪೊಟ್ಯಾಷನ್ನೇ. ಒಣ ದರಕು ಗಂಜಲವನ್ನು ಹೀರಿಕೊಳ್ಳುತ್ತದೆ, ಅದರೊಳಗಿನ ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುವುದನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಕೊಟ್ಟಿಗೆಗೆ ಕಾಲಿಟ್ಟೊಡನೆ ಮೂಗಿಗೆ ಚುರ್ರೆನ್ನುವ ವಾಸನೆ ಬಂದರೆ ತೋಟದ ಗೊಬ್ಬರ ಗಾಳಿಗೆ ಹೋಗುತ್ತಿದೆ, ಹಾಸು ಸಾಲದಾಗಿದೆ ಎಂದೇ ಅರ್ಥ.

ಗೋಬರ್ ಗ್ಯಾಸ್ ಬಂದ ಮೇಲೆ ಈ ದಾರಿ ಕವಲೊಡೆಯಿತು. ಈಗ ಹೆಚ್ಚಾಗಿ ಕಾಣುವುದು ನೆಲದೊಳಗಿನ ಗುಮ್ಮಟದ ದೀನಬಂಧು ಮಾದರಿ; 1984ರಲ್ಲಿ ರೂಪುಗೊಂಡದ್ದು. ಸಗಣಿಗೆ ಅಷ್ಟೇ ನೀರು ಕಲಸಿ ಒಂದು ಬದಿಯಿಂದ ಬಿಟ್ಟರೆ ಗಾಳಿಯಿಲ್ಲದ ಒಡಲಲ್ಲಿ ಸುಮಾರು ನಲವತ್ತು ದಿನ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಹುಟ್ಟಿದ ಅನಿಲ ಗುಮ್ಮಟದಲ್ಲಿ ತುಂಬುತ್ತಾ ರಾಡಿಯನ್ನು ಹೊರತೊಟ್ಟಿಯತ್ತ ತಳ್ಳುತ್ತದೆ. ಒಲೆಯ ಕಿವಿ ತಿರುಗಿಸಿದಾಗ ಆ ರಾಡಿ ಹಿಂದಕ್ಕೆ ಇಳಿದು ಅನಿಲವನ್ನು ಅಡುಗೆಮನೆಗೆ ಒತ್ತುತ್ತದೆ. ಒಂದು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 25 ಕಿಲೊ ಸಗಣಿ ಬೇಕು. ನಾಲ್ಕು ಜನರ ಅಡುಗೆಗೆ ಆ ಅನಿಲ ಸಾಲುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸಿಲಿಂಡರಿಗೆ ಸಮ. ಜಡಿಮಳೆಯಲ್ಲೂ ಚಳಿಯಲ್ಲೂ ಉರಿ ಇಳಿಯುವುದು ಸಹಜ, ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಶಾಖ ಹಿತ. ಆ ದಿನಗಳಲ್ಲಿ ಸಗಣಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಬಹುದು. ಫಿನಾಯಿಲ್, ಸೋಪಿನ ನೀರು ಒಳಗೆ ಹೋಗಕೂಡದು. ಕಟ್ಟಿಕೊಂಡಿತೆಂದು ಯಾರೂ ಒಡಲೊಳಗೆ ಇಳಿಯಲೇಬಾರದು; ಅಲ್ಲಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಒಲೆಯಲ್ಲಿ ಉರಿಯುವುದು ಮೀಥೇನ್. ಸಾರಜನಕ, ರಂಜಕ, ಪೊಟ್ಯಾಷ್ ಹೆಚ್ಚುಕಡಿಮೆ ಹಾಗೆಯೇ ಹೊರಬರುವ ರಾಡಿಯಲ್ಲಿ, ಅಂದರೆ ಸ್ಲರಿಯಲ್ಲಿ ಉಳಿಯುತ್ತವೆ. ಅಲ್ಲಿಗೆ ಸಗಣಿಯಿಂದ ಏನೂ ಕಳೆದುಕೊಂಡಂತಾಗಲಿಲ್ಲ, ಅಡುಗೆಮನೆಯ ಹೊಗೆಯೂ ತಪ್ಪಿತು. ನಷ್ಟವಾದದ್ದು ಇನ್ನೊಂದು ಕಡೆ. ಎಲೆ ಬೆರೆತ ಸಗಣಿ ಸ್ಥಾವರಕ್ಕೆ ಆಗುವುದಿಲ್ಲವೆಂದು ಹಾಸು ಬಿಟ್ಟರು, ಕೊಟ್ಟಿಗೆಗೆ ಸಿಮೆಂಟು ಹಾಕಿಸಿದರು, ಬೆಳಿಗ್ಗೆ ಪೈಪು ಹಿಡಿದು ತೊಳೆದರು. ಗಂಜಲವೆಲ್ಲ ಚರಂಡಿ ಸೇರಿತು. ಇತ್ತ ಪೊಟ್ಯಾಷ್ ಚೀಲಕ್ಕೆ ಸೊಸೈಟಿಯ ಮುಂದೆ ಸಾಲು ನಿಲ್ಲುವುದು ಬಂತು. ನೋಡಿದಾಗಲೆಲ್ಲ ನನಗೆ ಸಂಕಟವಾಗುವುದು ಇದೇ.

ಇದನ್ನು ಸರಿಪಡಿಸಲು ದೊಡ್ಡ ಖರ್ಚಿಲ್ಲ. ನೆಲಕ್ಕೆ ತುಸು ಇಳಿಜಾರು ಕೊಟ್ಟು ದನದ ಹಿಂಬದಿಯಲ್ಲಿ ಕಾಲುವೆ ಮಾಡಬೇಕು, ಅದರ ಬಾಯಿ ಸ್ಲರಿ ಗುಂಡಿಗೆ ತೆರೆಯಬೇಕು. ಸಗಣಿ ಬಾಚಿದ ಮೇಲೆ ತೊಳೆಯಿರಿ, ನೀರು ಮಿತವಾಗಿರಲಿ. ಗುಂಡಿಯಲ್ಲಿ ಒಂದು ಪದರ ದರಕು, ಮೇಲೆ ಸ್ಲರಿ ಮತ್ತು ಗಂಜಲ, ಮತ್ತೆ ದರಕು. ಕೊಟ್ಟಿಗೆಯಲ್ಲಿ ಹಾಸು ಮಾಡುತ್ತಿದ್ದ ಕೆಲಸವನ್ನು ಈಗ ಗುಂಡಿಯ ಎಲೆ ಮಾಡುತ್ತದೆ. ಗುಂಡಿಗೆ ಮಾಡು ಬೇಕೇ ಬೇಕು; ಪೊಟ್ಯಾಷ್ ನೀರಿನಲ್ಲಿ ಕರಗುವಂಥದ್ದು, ನಮ್ಮ ಮಳೆಗೆ ತೆರೆದ ಗುಂಡಿಯಲ್ಲಿ ಉಳಿಯುವುದು ನಾರು ಮಾತ್ರ. ಸ್ಲರಿಯನ್ನು ನೇರವಾಗಿ ಬುಡಕ್ಕೆ ಬಿಡುವವರು ಬಿಸಿಲೇರುವ ಮೊದಲು ಬಿಟ್ಟು ಮೇಲೆ ಸೋಗೆ ಮುಚ್ಚಬೇಕು.

ತೋಟವೂ ಕೊಟ್ಟಿಗೆಗೆ ತಿರುಗಿ ಕೊಡುತ್ತದೆ. ಬಿದ್ದ ಅಡಕೆ ಹಾಳೆಯನ್ನು ಶಾಲೆಗೆ ಹೊರಡುವ ಮುಂಚೆ ಮಕ್ಕಳು ಹೆಕ್ಕಿ ತಂದರೆ ಅಜ್ಜಿ ಸಣ್ಣಗೆ ಕೊಚ್ಚಿ ದನಕ್ಕೆ ಹಾಕುತ್ತಾರೆ. ಗೊನೆ ಕೊಯ್ದ ಬಾಳೆಯ ದಿಂಡೂ ಹಾಗೆಯೇ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ. ಬಚ್ಚಲ ನೀರು ಬಾಳೆಗೂ ಕೆಸುವಿಗೂ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮಾತ್ರ ತೋಟದ ಹುಲ್ಲು, ಹಾಳೆ ಎರಡೂ ಬೇಡ. ದ್ರಾವಣದಲ್ಲಿರುವ ಮೈಲುತುತ್ತಿನ ತಾಮ್ರ ದನಕ್ಕೆ ವಿಷ. ಕೋಳಿ ಇರುವ ಮನೆಯಲ್ಲಿ ಗುಂಡಿ ಮಗುಚುವಾಗ ಅವನ್ನು ಬಿಡಬೇಕು. ತೆಂಗಿನ ಸುಳಿ ಕೊರೆಯುವ ರೈನೋ ದುಂಬಿಯ ಮರಿಹುಳ ಬೆಳೆಯುವುದು ಗೊಬ್ಬರದಲ್ಲೇ, ಕೋಳಿಗಳು ಅದನ್ನು ಹೆಕ್ಕಿ ತಿನ್ನುತ್ತವೆ.

ದರಕಿನ ವಿಷಯದಲ್ಲಿ ಒಂದು ಭಯವನ್ನು ಹೇಳಲೇಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ದರಕು ಗುಡಿಸುವ ಕಾಲವೂ ಅದೇ. ಮಂಗ ಸತ್ತ ಕಡೆಯಿಂದ ಎಲೆ ತರಬಾರದು, ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು. ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ. ಬಂದೊಡನೆ ಬಿಸಿನೀರ ಸ್ನಾನ, ಉಟ್ಟ ಬಟ್ಟೆಯೂ ಬಿಸಿನೀರಿಗೆ. ಕಾಡಿಗೆ ಮೇಯಲು ಹೋಗುವ ದನದ ಮೈಯ ಉಣುಗಿಗೆ ಪಶುವೈದ್ಯರಿಂದ ಔಷಧಿ ಹಾಕಿಸಬೇಕು.

ದರಕು ಗುಡಿಸುವವರು, ಹೊರುವವರು, ಸಗಣಿ ಬಾಚುವವರು ಬಹುತೇಕ ಮನೆಯ ಹೆಂಗಸರೇ. ಹೊಸ ಕೊಟ್ಟಿಗೆ ಕಟ್ಟುವವರು ನಕ್ಷೆಗೆ ಮುಂಚೆ ಅವರನ್ನು ಕೇಳಬೇಕು. ಕಲಸುವ ತೊಟ್ಟಿ ಕೊಟ್ಟಿಗೆಯ ನೆಲಕ್ಕಿಂತ ತಗ್ಗಿನಲ್ಲಿದ್ದರೆ ಸಗಣಿಯನ್ನು ಬುಟ್ಟಿಯಲ್ಲಿ ಹೊರಬೇಕಿಲ್ಲ, ಹಾರೆಯಲ್ಲಿ ಎಳೆದರೆ ಸಾಕು. ಗುಂಡಿ ತೋಟಕ್ಕಿಂತ ಎತ್ತರದಲ್ಲಿದ್ದರೆ ಸ್ಲರಿ ಪೈಪಿನಲ್ಲಿ ತಾನಾಗಿ ಇಳಿಯುತ್ತದೆ. ದನ ಎಷ್ಟಿರಬೇಕೆಂಬುದನ್ನು ಮನೆಯಲ್ಲಿ ದಿನವೂ ಕೊಟ್ಟಿಗೆಗೆ ಇಳಿಯುವ ಕೈಗಳ ಲೆಕ್ಕದಲ್ಲಿ ತೀರ್ಮಾನಿಸಿ. ಒಬ್ಬರೇ ಇರುವ ಮನೆಗೆ ಎರಡು ಗಿಡ್ಡ ಸಾಕು, ಗ್ಯಾಸಿಗೆ ಸಗಣಿ ಸಾಲದಿದ್ದರೆ ಹಾಸಿನ ಕೊಟ್ಟಿಗೆಯನ್ನೇ ಉಳಿಸಿಕೊಳ್ಳಬಹುದು.