ಹಳೆಯ ಇಳಕಲ್ ಸೀರೆಯಿಂದ ಅಸ್ತರುಳ್ಳ ನಿತ್ಯೋಪಯೋಗಿ ಲಂಗ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭಾ ದಂಡೆಯ ಊರು. ಈ ಭಾಗದ ಬಹುತೇಕ ಮನೆಗಳ ಪೆಟ್ಟಿಗೆಯಲ್ಲಿ ಒಂದೆರಡು ಹಳೆಯ ಇಳಕಲ್ ಸೀರೆಗಳಿರುತ್ತವೆ. ಅಲ್ಲಲ್ಲಿ ಸವೆದ ಕಾರಣ ಉಡಲು ಬಾರದ ನೂಲಿನ ಸೀರೆಯಲ್ಲಿಯೂ ಗಟ್ಟಿ ಭಾಗ ಸಾಕಷ್ಟು ಉಳಿದಿರುತ್ತದೆ. ಅದಕ್ಕೆ ಹತ್ತಿಯ ಅಸ್ತರು ಕೊಟ್ಟು ಹೊಲಿದರೆ ನಿತ್ಯ ಬಳಕೆಗೆ ಒದಗುವ ಲಂಗ (ಪರಕರ) ಸಿದ್ಧವಾಗುತ್ತದೆ. ಹೊಸದಾಗಿ ಕೊಳ್ಳಬೇಕಾದುದು ಅಸ್ತರು, ದಾರ ಮತ್ತು ಲಾಡಿ ಮಾತ್ರ.

ಅಸ್ತರಿನ ಆಯ್ಕೆ

ಅಸ್ತರಿಗೆ ಹತ್ತಿಯ ಬಟ್ಟೆಯೇ ಸೂಕ್ತ. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ. ಬಿಸಿಲಿನಲ್ಲಿ ಕಳೆ ತೆಗೆಯುವಾಗ ಕಾಲಿಗೆ ಅಂಟಿ ಚರ್ಮವನ್ನು ಉಜ್ಜುತ್ತದೆ. ಒಲೆಯ ಬೆಂಕಿ ತಗುಲಿದರೆ ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಹತ್ತಿಯೂ ಉರಿಯುವ ಬಟ್ಟೆಯೇ ಆದ್ದರಿಂದ ಒಲೆಯ ಮುಂದೆ ಎಚ್ಚರ ಅಗತ್ಯ.

ಮೊದಲು ನೆನೆಸಿರಿ, ಅನಂತರ ಕತ್ತರಿಸಿರಿ

ಲಂಗ ಕೆಡುವುದು ಹೆಚ್ಚಾಗಿ ಈ ಹಂತವನ್ನು ಬಿಡುವುದರಿಂದ. ಹಳೆಯ ಸೀರೆ ಅನೇಕ ಸಲ ಒಗೆದು ಕುಗ್ಗಿರುತ್ತದೆ. ಹೊಸ ಅಸ್ತರು ಇನ್ನೂ ಕುಗ್ಗಬೇಕಾಗಿರುತ್ತದೆ. ನೂರಕ್ಕೆ 4ರಷ್ಟು ಕುಗ್ಗಿದರೂ 86 ಸೆಂ.ಮೀ. ಅಸ್ತರು ಸುಮಾರು 3.5 ಸೆಂ.ಮೀ. ಗಿಡ್ಡವಾಗುತ್ತದೆ, ಸುತ್ತಳತೆ ಕುಗ್ಗಿದರೆ ಕುಳಿತೇಳುವಾಗ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಆದ್ದರಿಂದ ಅಸ್ತರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿರಿ. ಸೀರೆಯ ಬಣ್ಣ ಬಿಡುವುದೇ ಎಂದು ತಿಳಿಯಲು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿರಿ.

ಅಳತೆ (ಸೊಂಟ 70, ಉದ್ದ 90 ಸೆಂ.ಮೀ.)

• ಮೇಲ್ಬಟ್ಟೆ: 254 ಸೆಂ.ಮೀ. ಸುತ್ತು, 88 ಸೆಂ.ಮೀ. ಎತ್ತರ. ಸೀರೆಯ ಉದ್ದವನ್ನು ಸುತ್ತಿಗೆ ಬಳಸಿ, ದಡಿಯನ್ನು ಕೆಳಗೆ ಬರಿಸಿದರೆ ಅಂಚು ಮಡಚುವ ಅಗತ್ಯವಿಲ್ಲ. ಬೆಳಕಿಗೆ ಹಿಡಿದು ಸವೆದ ಭಾಗವನ್ನು ಬಿಡಿರಿ. ಎರಡು ತುಂಡು ಸೇರಿಸುವುದಾದರೆ ತಲಾ 129 ಸೆಂ.ಮೀ. ಇರಲಿ.
• ಅಸ್ತರು: 77 ಸೆಂ.ಮೀ. ಅಗಲ, 86 ಸೆಂ.ಮೀ. ಎತ್ತರದ ಎರಡು ತುಂಡು. 90 ಸೆಂ.ಮೀ. ಪನ್ನದ ಬಟ್ಟೆ 2 ಮೀಟರ್ ಸಾಕು.
• ಸೊಂಟಪಟ್ಟಿ: 80 × 12 ಸೆಂ.ಮೀ. ಸೀರೆಯ ಉಳಿದ ಭಾಗದಿಂದ ತೆಗೆಯಿರಿ.
• ಲಾಡಿ: 1.5 ಮೀಟರ್.

ಬೇರೆ ಅಳತೆಗೆ ಸೂತ್ರ: ಮೇಲ್ಬಟ್ಟೆಯ ಎತ್ತರ = ಉದ್ದ − 2; ಅಸ್ತರಿನ ಎತ್ತರ = ಉದ್ದ − 4; ಪಟ್ಟಿ = ಸೊಂಟ + 10. ಅಸ್ತರಿನ ಸುತ್ತು ನಿತಂಬದ ಅಳತೆಯ ಒಂದೂವರೆ ಪಟ್ಟಿಗೆ ಕಡಿಮೆಯಾಗಬಾರದು.

ಹೊಲಿಯುವ ಕ್ರಮ

1. ಮೇಲ್ಬಟ್ಟೆಯ ಬದಿಗಳನ್ನು 2 ಸೆಂ.ಮೀ. ಒಳಗೆ ಹೊಲಿದು, ಒಂದು ಬದಿಯಲ್ಲಿ ಮೇಲಿನ 20 ಸೆಂ.ಮೀ. ತೆರೆದಿಡಿರಿ.
2. ಅಸ್ತರಿನ ಎರಡೂ ಬದಿಗಳನ್ನು 1 ಸೆಂ.ಮೀ. ಒಳಗೆ ಹೊಲಿಯಿರಿ. ಒಂದು ಬದಿಯಲ್ಲಿ ಮೇಲಿನ 20 ಸೆಂ.ಮೀ., ಎರಡೂ ಬದಿಗಳಲ್ಲಿ ಕೆಳಗಿನ 20 ಸೆಂ.ಮೀ. ಬಿಡಿರಿ. ಕೆಳಗಿನ ಸೀಳು ದಾಪುಗಾಲಿಗೆ ಅನುವು ಮಾಡುತ್ತದೆ. ತೆರೆದ ಅಂಚುಗಳನ್ನು ಮಡಚಿ ಹೊಲಿದು, ಕೆಳಭಾಗವನ್ನು 3 ಸೆಂ.ಮೀ. ಮಡಚಿರಿ.
3. ಹೊಲಿಗೆಯ ಅಂಚುಗಳು ಮೇಲ್ಬಟ್ಟೆಯ ಕಡೆಗೆ ಬರುವಂತೆ ಅಸ್ತರನ್ನು ಒಳಗಿಡಿರಿ; ಮೈಗೆ ನಯವಾದ ಮುಖ ತಗಲುತ್ತದೆ. ಮೇಲಿನ ತೆರಪುಗಳು ಒಂದರ ಮೇಲೊಂದು ಕೂಡಿರಲಿ.
4. ಎರಡಕ್ಕೂ ಪ್ರತ್ಯೇಕವಾಗಿ ಉದ್ದ ಹೊಲಿಗೆಯ ಎರಡು ಸಾಲು ಹಾಕಿ, ದಾರ ಎಳೆದು 76 ಸೆಂ.ಮೀ.ಗೆ ನೆರಿಗೆ ಕೂಡಿಸಿರಿ. ಬಳಿಕ ಒಟ್ಟಿಗೆ ಕಚ್ಚಾ ಹೊಲಿಗೆ ಹಾಕಿರಿ.
5. ಪಟ್ಟಿಯ ತುದಿಗಳನ್ನು 2 ಸೆಂ.ಮೀ. ಮಡಚಿ, ಪಟ್ಟಿಯನ್ನು ನೆರಿಗೆಗೆ ಜೋಡಿಸಿ, ಒಳಕ್ಕೆ ತಿರುಗಿಸಿ ಹೊಲಿದು ಲಾಡಿ ಪೋಣಿಸಿರಿ.

ಸಿದ್ಧವಾದಾಗ ಅಸ್ತರು ಮೇಲ್ಬಟ್ಟೆಗಿಂತ 5 ಸೆಂ.ಮೀ. ಮೇಲಿರುತ್ತದೆ, ಹೊರಗೆ ಇಣುಕುವುದಿಲ್ಲ, ಕೆಸರು ಹೀರುವುದಿಲ್ಲ. ಲಂಗ ತೊಟ್ಟು ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿರಿ. ಎಳೆತ ಕಂಡರೆ ಕೆಳಗಿನ ಸೀಳನ್ನು ಹೆಚ್ಚಿಸಿರಿ.

ವಿಸ್ತರಣಾ ಕಾರ್ಯಕರ್ತರು ಸ್ವಸಹಾಯ ಸಂಘಗಳಲ್ಲಿ ಪ್ರಾತ್ಯಕ್ಷಿಕೆ ನೀಡುವಾಗ ಅಸ್ತರಿನ ತುಂಡೊಂದನ್ನು ನೆನೆಸುವ ಮೊದಲು ಮತ್ತು ಒಣಗಿದ ಬಳಿಕ ಎಲ್ಲರೆದುರು ಅಳೆದು ತೋರಿಸುವುದು ಉತ್ತಮ.