ಬುಡದ ಮುದ್ರೆಯನ್ನು ಕೊನೆಗೆ ಓದಿ

ಹಳೆಯ ಪಿಂಗಾಣಿ ಹೂದಾನಿ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮಾಡುವ ಕೆಲಸ ಅದನ್ನು ಬೋರಲು ಹಾಕುವುದು. ಬುಡದಲ್ಲಿ ನೀಲಿ ಬಣ್ಣದ ಎರಡು ‘ಎಲ್’ ಅಕ್ಷರಗಳು ಎದುರುಬದುರಾಗಿ ಹೆಣೆದುಕೊಂಡಿದ್ದು, ನಡುವೆ ಇನ್ನೊಂದು ಅಕ್ಷರ ಕಂಡರೆ ಮನೆಯವರ ಮುಖ ಅರಳುತ್ತದೆ. ಅದು ಫ್ರಾನ್ಸಿನ ಸೆವ್ರ್ ಕಾರ್ಖಾನೆಯ ಗುರುತು. ಲೂಯಿ ದೊರೆಗಳ ಹೆಸರಿನ ಮೊದಲಕ್ಷರ. ಹೀಗೆ ಅರಳಿದ ಮುಖಗಳಲ್ಲಿ ಹೆಚ್ಚಿನವು ಆಮೇಲೆ ಬಾಡುತ್ತವೆ. ಯುರೋಪಿನ ಪಿಂಗಾಣಿ ಮುದ್ರೆಗಳಲ್ಲಿ ಇದರಷ್ಟು ನಕಲಾದದ್ದು ಅಪರೂಪ. ಪಳಗಿದವರು ಇದನ್ನು ಕೊನೆಗೆ ಓದುತ್ತಾರೆ.

ಈ ಕಾರ್ಖಾನೆ 1740ರಲ್ಲಿ ಪ್ಯಾರಿಸ್ ಸಮೀಪದ ವಾನ್ಸೆನ್ ಕೋಟೆಯಲ್ಲಿ ಶುರುವಾಯಿತು. 1756ರಲ್ಲಿ ಸೆವ್ರ್‌ಗೆ ಬಂತು. ಮೂರು ವರ್ಷದ ಬಳಿಕ 15ನೇ ಲೂಯಿ ಅದನ್ನು ತನ್ನದಾಗಿಸಿಕೊಂಡ. ಚೀನಾದ ಗಟ್ಟಿ ಪಿಂಗಾಣಿಗೆ ಬೇಕಾದ ಕೇಯೊಲಿನ್ ಎಂಬ ಬಿಳಿ ಜೇಡಿ ಆಗ ಫ್ರೆಂಚರ ಬಳಿ ಇರಲಿಲ್ಲ. ಅದಿಲ್ಲದೆಯೇ ಅವರು ಒಂದು ಮೆದು ಪಿಂಗಾಣಿ ಮಾಡಿಕೊಂಡಿದ್ದರು. ಲಿಮೋಜ್ ಊರಿನ ಹತ್ತಿರ ಕೇಯೊಲಿನ್ ಸಿಕ್ಕಿದ್ದು 1768ರಲ್ಲಿ. ಗಟ್ಟಿ ಪಿಂಗಾಣಿಯ ಕೆಲಸ ಸೆವ್ರ್‌ನಲ್ಲಿ ನೆಲೆಗೊಂಡದ್ದು ಅದಾದ ಮೇಲೆಯೇ.

ನಕಲು ಸಿಕ್ಕಿಬೀಳುವುದು ಈ ಇಸವಿಗಳಲ್ಲಿಯೇ. ಎರಡು ‘ಎಲ್’ಗಳ ನಡುವಿನ ಅಕ್ಷರ ತಯಾರಾದ ವರ್ಷವನ್ನು ಹೇಳುತ್ತದೆ: ‘ಎ’ ಎಂದರೆ 1753, ‘ಬಿ’ ಎಂದರೆ 1754. ವರ್ಣಮಾಲೆ ಮುಗಿದ ಮೇಲೆ, 1778ರಿಂದ, ಅಕ್ಷರಗಳು ಜೋಡಿಯಾದವು. ಈಗ ಹೂದಾನಿಯ ಬುಡದ ಬಳೆಯನ್ನು, ಮೆರುಗು ಹತ್ತದ ಜಾಗವನ್ನು, ಭೂತಗನ್ನಡಿ ಹಿಡಿದು ನೋಡಿ. ಎಲ್ಲಾದರೂ ಚೂರು ಎದ್ದಿದ್ದರೆ ಒಳಮೈ ಕಾಣುತ್ತದೆ. ಮೆದು ಪಿಂಗಾಣಿ ಸಕ್ಕರೆ ಅಚ್ಚು ಮುರಿದಂತೆ ತರಿತರಿಯಾಗಿರುತ್ತದೆ. ಗಟ್ಟಿ ಪಿಂಗಾಣಿ ಗಾಜು ಒಡೆದಂತೆ ನುಣುಪಾಗಿರುತ್ತದೆ. ಮೈ ಗಟ್ಟಿ ಪಿಂಗಾಣಿಯದು, ಬುಡದಲ್ಲಿ ಮಾತ್ರ 1757ರ ‘ಇ’ ಇದೆ ಎಂದಾದರೆ ಮುಂದೆ ವಾದ ಬೇಕಿಲ್ಲ.

ಬಣ್ಣವೂ ಬಾಯಿಬಿಡುತ್ತದೆ. ಕ್ರೋಮಿಯಂ ಲೋಹವನ್ನು ವೊಕ್ಲಾಂ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದದ್ದು 1797ರಲ್ಲಿ. ಅದಕ್ಕೂ ಹಿಂದಿನ ಹಸಿರು ತಾಮ್ರದ್ದು. 1760ರ ದಶಕದ ಗುರುತಿರುವ ಹೂದಾನಿಯ ಎಲೆಗಳಲ್ಲಿ ಕ್ರೋಮಿಯಂ ಹಸಿರು ಕಂಡರೆ, ಆ ಎಲೆ ಬರೆದ ಕೈ ಮುಂದಿನ ಶತಮಾನದ್ದು. ಮೈ ಅಸಲಿಯಾಗಿದ್ದು ಚಿತ್ತಾರ ಮಾತ್ರ ನಕಲಿಯಾಗಿರುವುದೂ ಉಂಟು. 1800ರಲ್ಲಿ ಕಾರ್ಖಾನೆಯ ನಿರ್ದೇಶಕನಾದ ಬ್ರೊಂನ್ಯಾರ್, ಉಳಿದಿದ್ದ ಬಿಳಿ ಸರಕನ್ನು ಮಾರಿಬಿಟ್ಟ. ಹೊರಗಿನ ಚಿತ್ರಗಾರರು ಅದನ್ನು ಕೊಂಡು ಹಳೆಯ ಶೈಲಿಯಲ್ಲಿ ಬಣ್ಣ ತುಂಬಿದರು. ಇನ್ನು, ದೃಶ್ಯದ ಮೂಲೆಯಲ್ಲೇ ಕಲಾವಿದನ ಸಹಿ ಇರುವ, ಕಂಚಿನ ಹಿಡಿಗಳ ಕಡುನೀಲಿ ಹೂದಾನಿಗಳು ಬಹುಪಾಲು 19ನೇ ಶತಮಾನದ ಕೊನೆಯವು. ಹಳೆಯ ಸೆವ್ರ್ ಚಿತ್ರಗಾರರು ತಮ್ಮ ಪುಟ್ಟ ಗುರುತನ್ನು ಬುಡದಲ್ಲಿ ಹಾಕುತ್ತಿದ್ದರು.

ಬೆಲೆ ಕಟ್ಟುವಾಗ ಗಡಿಗೆ ಕೊಳ್ಳುವವರ ಜಾಣತನ ಇಲ್ಲಿಯೂ ಬೇಕು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬಿರುಕಿರುವುದು ಮಂಕಾಗಿ ನುಡಿಯುತ್ತದೆ. ನೇರಳಾತೀತ ಬೆಳಕು ಬಿಟ್ಟರೆ ಅಂಟು ಹಾಕಿ ಬಣ್ಣ ಬಳಿದ ಜಾಗ ಬೇರೆಯಾಗಿ ಹೊಳೆಯುತ್ತದೆ. ಹೂದಾನಿಗಳನ್ನು ಜೋಡಿಯಾಗಿ, ಇಲ್ಲವೇ ಮೂರು, ಐದರ ಸಾಲಾಗಿ ಮಾಡುತ್ತಿದ್ದುದರಿಂದ ಒಂಟಿಯಾಗಿ ಉಳಿದದ್ದಕ್ಕೆ ಜೋಡಿಯ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ವಿಮೆಗೆ ಬರೆಸುವ ಬೆಲೆ, ಅಂಗಡಿಯ ಬೆಲೆ, ಹರಾಜಿನ ಬೆಲೆ ಮೂರೂ ಬೇರೆ. ಮಾರುವವರು ನೆಚ್ಚಬೇಕಾದದ್ದು ಅಂಥದ್ದೇ ಹೂದಾನಿ ಈಚೆಗೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತವನ್ನು. ನಕಲು ಎಂದಾಕ್ಷಣ ಕಸವೂ ಅಲ್ಲ: ಪ್ಯಾರಿಸ್ಸಿನ ಒಳ್ಳೆಯ ಕೈಗೆಲಸಕ್ಕೆ ತನ್ನದೇ ಗಿರಾಕಿಗಳಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಬೆಲೆ ಏರಿಸುವುದು ಅದರ ಹಿಂದಿನ ಕಥೆ. ಅಂಥದ್ದೊಂದು ಕಥೆ ನಮ್ಮ ನಾಡಿಗೂ ತಾಗುತ್ತದೆ. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ 16ನೇ ಲೂಯಿಯನ್ನು ಕಂಡರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರಿಗೆ ನೆರವು ಸಿಗಲಿಲ್ಲ; ಸೆವ್ರ್ ಕಾರ್ಖಾನೆಯನ್ನು ನೋಡಿ, ಪಿಂಗಾಣಿಯ ಉಡುಗೊರೆ ಪಡೆದರು. ಆ ವರ್ಷದ ಅಕ್ಷರ ‘ಕೆಕೆ’.

ನಾಳೆ ಯಾರಾದರೂ ‘ಕೆಕೆ’ ಗುರುತಿನ ಹೂದಾನಿ ತೋರಿಸಿ, ಟಿಪ್ಪುವಿಗೆ ಬಂದ ಉಡುಗೊರೆ ಎಂದರೆ ಬೇಸರಿಸದೆ ಕೇಳಿ. ಕೇಳಿಯಾದ ಮೇಲೆ ರಸೀದಿ, ಪತ್ರ, ಹಳೆಯ ಫೋಟೊ ಏನಿದೆ ಎಂದು ವಿಚಾರಿಸಿ. ಸೆವ್ರ್‌ನ ಹಳೆಯ ಮಾರಾಟದ ಲೆಕ್ಕಪುಸ್ತಕಗಳು ಇವತ್ತಿಗೂ ಉಳಿದಿವೆ. ‘ಕೆಕೆ’ ಎಂದು ಬರೆಯಲು ಒಂದು ಕುಂಚ, ಒಂದು ಚಿಟಿಕೆ ನೀಲಿ ಸಾಕು. ಆ ಲೆಕ್ಕದೊಳಗೆ ಹೊಸದೊಂದು ಸಾಲು ಸೇರಿಸುವುದು ಯಾವ ನಕಲುಗಾರನಿಗೂ ಸುಲಭವಲ್ಲ.